ಗೋಪಾಲಸ್ವಾಮಿ ಬೆಟ್ಟದ ಕಾಲುಹಾದಿ

ಚಾಮರಾಜನಗರ, ಉಡಿಗಾಲ, ತೆರಕಣಾಂಬಿ, ಗುಂಡ್ಲುಪೇಟೆ – ಈ ಸೀಮೆಯ ಊರುಗಳೆಲ್ಲ ಮಳೆ ಕಡಮೆಯಾದ ಬಯಲಿಗೆ ಸೇರಿದವು. ಜೋಳ, ಹುರುಳಿ, ಅರಿಸಿನ, ಚೆಂಡುಹೂ ಬೆಳೆಯುವ ಇಲ್ಲಿನ ರೈತ ಮುಂಗಾರಿನ ಸುಳಿವಿಗಾಗಿ ತಲೆಯೆತ್ತಿ ನೋಡುವುದು ನೈಋತ್ಯದ ಬೆಟ್ಟಸಾಲಿನ ಕಡೆಗೆ. ಆ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸಮುದ್ರಮಟ್ಟದಿಂದ 1454 ಮೀಟರ್. ಕೆಳಗೆ ಹೊಲಗಳು ಬಿಸಿಲಿಗೆ ಬಿರಿಯುತ್ತಿರುವಾಗಲೂ ಅದರ ನೆತ್ತಿ ಅನೇಕ ದಿನ ಮಂಜಿನಲ್ಲಿ ಮರೆಯಾಗಿರುತ್ತದೆ. ಹೆಸರಿನ ಮುಂದಿರುವ ‘ಹಿಮವದ್’ ಎಂಬ ವಿಶೇಷಣ ಆ ಮಂಜಿನಿಂದಲೇ ಬಂದದ್ದು.

ಇಂದು ಈ ಬೆಟ್ಟಕ್ಕೆ ಹೋಗುವವರಲ್ಲಿ ಬಹುಪಾಲು ಜನ ದೇವರ ದರ್ಶನದ ಜೊತೆಗೆ ‘ವ್ಯೂ’ ನೋಡಲು ಹೋಗುತ್ತಾರೆ. ದಕ್ಷಿಣಕ್ಕೆ ಮಡಿಕೆ ಮಡಿಕೆಯಾಗಿ ಕಾಡು, ಅದರಾಚೆ ನೀಲಗಿರಿ; ಉತ್ತರಕ್ಕೆ ಗುಂಡ್ಲುಪೇಟೆಯ ಬಯಲು. ನೋಟವೇನೋ ಕಣ್ಣಿಗೆ ಹಬ್ಬ. ಆದರೆ ಈ ಕಡಿದಾದ ಬೆಟ್ಟವನ್ನು ಮೊದಲು ಹತ್ತಿದವರು ಯಾವ ಅಗತ್ಯದಿಂದ ಹತ್ತಿದರು ಎಂದು ಕೇಳಿಕೊಂಡರೆ, ಇದೇ ನೋಟಕ್ಕೆ ಬೇರೊಂದು ಅರ್ಥ ಕಾಣಿಸುತ್ತದೆ.

ಬೆಟ್ಟದ ಮೇಲಿನ ಗುಡಿ ಹೊಯ್ಸಳರ ಕಾಲದ್ದು. ಸುಮಾರು 1315ರಲ್ಲಿ, ಮೂರನೆಯ ವೀರಬಲ್ಲಾಳನ ಆಳ್ವಿಕೆಯಲ್ಲಿ, ಮಾಧವ ದಂಡನಾಯಕನು ಕಟ್ಟಿಸಿದನೆಂದು ಹೇಳುತ್ತಾರೆ. ಅವನ ತಂದೆ ಪೆರುಮಾಳ ದಂಡನಾಯಕ. ತೆರಕಣಾಂಬಿ ಈ ಮನೆತನದ ಒಂದು ಮುಖ್ಯ ನೆಲೆಯಾಗಿತ್ತು. ಗುಡಿಯ ಸುತ್ತ ಕೋಟೆಯೂ ಇತ್ತು. ‘ಬೆಟ್ಟದಕೋಟೆ’ ಎಂಬ ಹಳೆಯ ಹೆಸರು ಅದನ್ನು ನೆನಪಿಸುತ್ತದೆ. ಕಾಲವನ್ನು ಸ್ವಲ್ಪ ಗಮನಿಸಬೇಕು. 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫೂರನು ದ್ವಾರಸಮುದ್ರದವರೆಗೆ ಬಂದು ಸಂಪತ್ತನ್ನು ಸುಲಿದುಕೊಂಡು ಹೋಗಿದ್ದನು. ರಾಜಧಾನಿಯೇ ಬೆದರಿದ ಅಂಥ ದಶಕದಲ್ಲಿ, ಗಡಿಕಾಯುವ ದಂಡನಾಯಕನಿಗೆ ನೀಲಗಿರಿಯೂ ಬಯಲೂ ಒಮ್ಮೆಗೇ ಕಾಣುವ ಶಿಖರವೆಂದರೆ ಬರಿಯ ಪುಣ್ಯಸ್ಥಳವಾಗಿ ಉಳಿಯಲಾರದು. ಘಟ್ಟದ ಕೆಳಗೆ ಇದೇ ಮನೆತನದ ಹೆಸರನ್ನು ಹೊತ್ತ ದಣ್ಣಾಯಕನಕೋಟೆ ಇಂದು ಭವಾನಿಸಾಗರ ಜಲಾಶಯದಲ್ಲಿ ಮುಳುಗಿದೆ. ನೀರು ತೀರ ತಗ್ಗಿದ ವರ್ಷಗಳಲ್ಲಿ ಅಲ್ಲಿನ ಗುಡಿಯ ಕಲ್ಲುಗಳು ಮೇಲೆ ಕಾಣಿಸಿಕೊಳ್ಳುತ್ತವೆ. ಘಟ್ಟದ ಮೇಲೊಂದು ಕೋಟೆ, ಕೆಳಗೊಂದು ಕೋಟೆ: ನಾವು ಫೋಟೋ ತೆಗೆಯಲು ನಿಲ್ಲುವ ಅಂಚಿನಲ್ಲಿ ನಿಂತ ಕಾವಲಿನವನ ಕಣ್ಣು ಹುಡುಕಿರಬಹುದಾದದ್ದು ಧೂಳನ್ನು ಮತ್ತು ಹೊಗೆಯನ್ನು.

ಇಲ್ಲಿ ಸೆಮಿನರಿಯ ದಿನಗಳಲ್ಲಿ ಓದಿದ ಒಂದು ಪ್ರಸಂಗವನ್ನು ಹೇಳಬೇಕೆನಿಸುತ್ತದೆ. ಈ ಗುಡಿ ಎದ್ದ ಎರಡು ದಶಕಗಳ ನಂತರ, 1336ರ ಏಪ್ರಿಲ್ 26ರಂದು, ಇಟಲಿಯ ಕವಿ ಪೆಟ್ರಾರ್ಕನು ಫ್ರಾನ್ಸಿನ ವೆಂಟೂ ಪರ್ವತವನ್ನು ತಮ್ಮ ಗೆರಾರ್ಡೊನ ಜೊತೆ ಹತ್ತಿದನು. (ವಿಜಯನಗರದ ಸ್ಥಾಪನೆಗೆ ನಮ್ಮ ಪರಂಪರೆ ಕೊಡುವುದೂ ಅದೇ ವರ್ಷ.) ಆ ಎತ್ತರದ ಜಾಗವನ್ನು ನೋಡಬೇಕೆಂಬ ಆಸೆಯೊಂದೇ ತನ್ನನ್ನು ಅಲ್ಲಿಗೆ ಕರೆದೊಯ್ದಿತು ಎಂದು ಅವನು ಪತ್ರವೊಂದರಲ್ಲಿ ಬರೆದನು. ತಪ್ಪಲಲ್ಲಿ ಸಿಕ್ಕ ಮುದುಕ ಕುರುಬನು ಬೇಡವೆಂದು ತಡೆದನಂತೆ. ತಮ್ಮನು ಕಡಿದಾದ ನೇರ ದಾರಿಯಲ್ಲಿ ಏರಿದನು. ಕವಿಯು ಸುಲಭದ ದಾರಿ ಹುಡುಕುತ್ತಾ ಮತ್ತೆ ಮತ್ತೆ ಕಣಿವೆಗೆ ಇಳಿದು ದಣಿದನು. ಕೊನೆಗೆ ಶಿಖರದ ಮೇಲೆ, ಅಗಸ್ಟೀನ್ ಸಭೆಯ ಗುರುವೊಬ್ಬರು ತನಗೆ ಕೊಟ್ಟಿದ್ದ ಸಂತ ಅಗಸ್ಟೀನರ ‘ನಿವೇದನೆ’ಯನ್ನು ತೆರೆದಾಗ, ಪರ್ವತಗಳನ್ನು ಕಂಡು ಬೆರಗಾಗುವ ಮಾನವನು ತನ್ನನ್ನೇ ಮರೆಯುವ ಕುರಿತ ಮಾತು ಕಣ್ಣಿಗೆ ಬಿದ್ದು, ಇಳಿಯುವಾಗ ದಾರಿಯುದ್ದಕ್ಕೂ ಮೌನವಾದನು. ಆ ಪತ್ರವನ್ನು ಎಷ್ಟೋ ವರ್ಷಗಳ ನಂತರ ತಿದ್ದಿ ಬರೆದಿರಬೇಕೆಂದು ಅನೇಕ ವಿದ್ವಾಂಸರ ಅಭಿಮತ. ಅದಿರಲಿ. ನೋಟಕ್ಕಾಗಿಯೇ ಬೆಟ್ಟ ಹತ್ತುವ ಆಧುನಿಕ ಅಭಿರುಚಿಗೆ ಪಾಶ್ಚಾತ್ಯರು ಈ ಕವಿಯನ್ನು ಆದಿಪುರುಷನೆಂದು ಹೇಳುವುದುಂಟು. ಆದರೆ ತಡೆದ ಕುರುಬನೇ ಅದೇ ಬೆಟ್ಟವನ್ನು ಹರೆಯದಲ್ಲಿ ಹತ್ತಿದ್ದವನು ಎಂಬ ವಿವರವೂ ಅದೇ ಪತ್ರದಲ್ಲಿದೆ! ಕುರುಬನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ನಮ್ಮ ಬೆಟ್ಟದ ಕಾಲುಹಾದಿಯನ್ನು ಸವೆಸಿದವರೂ ಅಂಥ ಹೆಸರಿಲ್ಲದವರೇ. ಕೊಳಲೂದುವ ಗೋಪಾಲನು ದನಗಾಹಿಗಳ ದೇವರು. ದನಕರುಗಳನ್ನೇ ನೆಚ್ಚಿದ ತಪ್ಪಲಿನ ಹಳ್ಳಿಗಳಿಗೆ ಅವನು ದೂರದವನಲ್ಲ. ಶ್ರಾವಣದ ಶನಿವಾರಗಳಲ್ಲಿ ಹರಕೆ ಹೊತ್ತವರು ಏದುಸಿರು ಬಿಡುತ್ತಾ ಏರಿದ್ದಾರೆ. ಬೆಟ್ಟದ ಹಂಸತೀರ್ಥದಲ್ಲಿ ಮಿಂದ ಕಾಗೆಯು ಹಂಸವಾಯಿತೆಂದೂ, ಆದುದರಿಂದಲೇ ಇಲ್ಲಿ ಕಾಗೆಗಳು ಸುಳಿಯುವುದಿಲ್ಲವೆಂದೂ ಜನ ಹೇಳುತ್ತಾರೆ. ಮೇಲೇರಿ ಬಂದವನು ಬದಲಾಗಿ ಇಳಿಯಬೇಕೆಂಬ ನಿರೀಕ್ಷೆ ಈ ಕತೆಯೊಳಗೆ ಅಡಗಿದೆ ಎಂದು ನನಗೆ ತೋರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಹಾದಿಯ ಒಡೆತನ ಬದಲಾಯಿತು. 1931ರಲ್ಲಿ ಮೈಸೂರಿನ ಮಹಾರಾಜರು ಇಲ್ಲಿನ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮವಾಗಿಸಿದಾಗ ಅದಕ್ಕೆ ವೇಣುಗೋಪಾಲನ ಹೆಸರನ್ನೇ ಇಟ್ಟರು. 1973ರಲ್ಲಿ ಹುಲಿ ಯೋಜನೆ ಬಂದಾಗ ಬಂಡೀಪುರವು ದೇಶದ ಮೊದಲ ಹುಲಿ ಸಂರಕ್ಷಿತ ಪ್ರದೇಶಗಳ ಪಟ್ಟಿ ಸೇರಿತು. ಈಗ ಬೆಟ್ಟಕ್ಕೆ ನಡೆದು ಹೋಗುವಂತಿಲ್ಲ. ಸ್ವಂತ ವಾಹನವನ್ನೂ ಬುಡದಲ್ಲೇ ನಿಲ್ಲಿಸಬೇಕು. ಅಲ್ಲಿಂದ ಸಾರಿಗೆ ಸಂಸ್ಥೆಯ ಬಸ್ಸು ತಿರುವುಗಳನ್ನು ಸುತ್ತಿ ಮೇಲೆ ತಂದು ಇಳಿಸುತ್ತದೆ, ಹೊತ್ತು ಇಳಿಯುವ ಮುನ್ನ ವಾಪಸು ಕರೆದೊಯ್ಯುತ್ತದೆ.

ಈ ಕಟ್ಟುಪಾಡು ಸರಿಯೆಂದೇ ನನ್ನ ಅಭಿಪ್ರಾಯ. ಆನೆಗಳು ಗುಡಿಯ ಅಂಗಳದವರೆಗೂ ಬರುವ ಜಾಗವಿದು. 2019ರ ಫೆಬ್ರುವರಿಯಲ್ಲಿ ಎದ್ದ ಕಾಡ್ಗಿಚ್ಚು ಈ ಬೆಟ್ಟದ ಮೈಯನ್ನೂ ಸೇರಿಸಿ ಸಾವಿರಾರು ಎಕರೆ ಕಾಡನ್ನು ಕರಿಯಾಗಿಸಿದ್ದನ್ನು ಕಂಡವರು, ಜನ ಮನಬಂದಂತೆ ಅಲೆಯಲಿ ಎಂದು ಹೇಳಲಾರರು. ಆದರೆ ಬಸ್ಸಿನ ಕಿಟಕಿಯಿಂದ ನಾವು ‘ಮನುಷ್ಯನ ಕೈ ಸೋಕದ ಕಾಡು’ ಎಂದು ಮೆಚ್ಚುವ ಈ ಹಸುರು, ಮನುಷ್ಯರಿಂದ ಬರಿದುಮಾಡಿದ ಹಸುರೂ ಹೌದು. ಹುಲಿಗಾಗಿ ಈ ಕಾಡುಗಳಿಂದ ಹೊರಬಂದ ಜೇನುಕುರುಬರ ಹಾಡಿಗಳು ಇಂದು ಕಾಡಂಚಿನಲ್ಲಿವೆ. ಅವರ ಹಿರಿಯರು ನಿತ್ಯ ನಡೆದ ದಾರಿಯಲ್ಲಿ ಅವರ ಮಕ್ಕಳು ಹೆಜ್ಜೆಯಿಟ್ಟರೆ ಅಪರಾಧ. ಟಿಕೆಟು ಪಡೆದ ನಾವು ಅತಿಥಿಗಳು. ಈ ಲೆಕ್ಕ ಸರಿಹೊಂದಿಲ್ಲ.

ಬೇರೆ ಬಗೆಯಲ್ಲಿ ನಡೆದುಕೊಳ್ಳಲು ಸಾಧ್ಯವೆಂಬುದಕ್ಕೆ ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವಿದೆ. ಅದು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕುಗಳು ದೊರೆತವು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ಅವರೇ ಮೊದಲಿಗರು. ಸೋಲಿಗರ ಹೆಣ್ಣನ್ನು ಮದುವೆಯಾದ ರಂಗನಾಥನನ್ನು ಅವರು ಇಂದಿಗೂ ‘ಬಾವ’ ಎಂದೇ ಕರೆಯುತ್ತಾರೆ. ಆ ಬಾವನು ರಾತ್ರಿಯ ಹೊತ್ತು ಬೆಟ್ಟಗಳನ್ನು ಸುತ್ತುತ್ತಾನೆ, ಅವನ ಪಾದರಕ್ಷೆಗಳು ಸವೆಯುತ್ತವೆ ಎಂಬುದು ನಂಬಿಕೆ. ಅದಕ್ಕಾಗಿ ಬೂದಿತಿಟ್ಟಿನ ಭಕ್ತರು ಎರಡು ವರ್ಷಕ್ಕೊಮ್ಮೆ ದೊಡ್ಡದೊಂದು ಜೊತೆ ಚರ್ಮದ ಪಾದರಕ್ಷೆಗಳನ್ನು ಹೊಸದಾಗಿ ಮಾಡಿ ತಂದೊಪ್ಪಿಸುತ್ತಾರೆ.