ಕರೆಯ ಕೊನೆಯ ಏರು

ಕದ್ರಿ ಕಂಬಳ ಎಂದರೆ ಈಗಿನ ಮಂಗಳೂರಿಗರಿಗೆ ಒಂದು ರಸ್ತೆ, ಫ್ಲ್ಯಾಟುಗಳ ವಿಳಾಸ, ಆಟೋದವನಿಗೆ ಹೇಳುವ ಒಂದು ಗುರುತು. ಕೋಣಗಳು ಇಳಿಯುತ್ತಿದ್ದ ಗದ್ದೆಯ ನೆನಪು ಹಳಬರಿಗಷ್ಟೇ. ಕದ್ರಿ ದೇವಸ್ಥಾನದ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನವಿದೆ, ಕ್ರಿ.ಶ. 968ರದ್ದು. ಅಂಥ ಹಳೆಯ ಕ್ಷೇತ್ರಕ್ಕೆ ಸೇರಿದ, ಅರಸರ ಆಶ್ರಯವಿದ್ದ ಕಂಬಳವಾದ್ದರಿಂದ ಜನ ಅದನ್ನು ಅರಸು ಕಂಬಳವೆಂದೇ ಕರೆದರು. ಇಂಥ ದೇವರ ಕಂಬಳಗಳಲ್ಲಿ ಯಾರು ಗೆದ್ದರು ಎಂಬ ಪ್ರಶ್ನೆಯೇ ಇರಲಿಲ್ಲ. ಸಿಂಗರಿಸಿದ ಕೋಣಗಳು ವಾದ್ಯದೊಂದಿಗೆ ಬಂದು ಗದ್ದೆಗಿಳಿದು ಒಂದು ಸುತ್ತು ಬಂದರೆ ಹರಕೆ ಸಂದಾಯವಾಯಿತು. ಗದ್ದೆಯ ನಡುವೆ ಪೂಕರೆಯ ಕಂಬ ನೆಟ್ಟಮೇಲೆ ಮನೆಗೆ ಹೋಗಿ ಊಟ.

ವೇಗ ಬಂದದ್ದು ಆಮೇಲೆ. ಅದು ಬರುವಾಗ ಅಪಾಯವನ್ನೂ ಜೊತೆಗೆ ಕರೆತಂದಿತು. ಆ ಅಪಾಯವನ್ನು ಹಿಡಿದಿಟ್ಟದ್ದು ಬೆತ್ತವಲ್ಲ, ಬುದ್ಧಿವಾದವೂ ಅಲ್ಲ, ಮಣ್ಣಿನ ಕೆಲಸ ಎಂಬುದು ನನ್ನ ಅಭಿಪ್ರಾಯ.

ಕಾವೂರಿನ ಆಚೆ ನಮ್ಮ ಅಜ್ಜನ ಮನೆಯಲ್ಲಿ ಒಂದು ಜೋಡಿ ಕೋಣಗಳಿದ್ದವು. ಬೇಯಿಸಿದ ಹುರುಳಿ, ಮೈಗೆ ಎಣ್ಣೆ, ಸಂಜೆ ಕೆರೆಯಲ್ಲಿ ಸ್ನಾನ: ಆ ಮನೆಯ ಮಕ್ಕಳಿಗೆ ಸಿಗದ ಉಪಚಾರ ಕೋಣಗಳಿಗೆ ಸಿಗುತ್ತಿತ್ತು. ಸ್ನಾನ ಮಾಡಿಸಲು ನಾವು ಮಕ್ಕಳು ಬೇಕು, ಬೆನ್ನು ತಿಕ್ಕಲು ಬೇಕು, ಹಗ್ಗ ಹಿಡಿಯಲು ಮಾತ್ರ ಬೇಡ. ಒಮ್ಮೆ ಹಠ ಹಿಡಿದಾಗ ಅಜ್ಜ ಹೇಳಿದ್ದು ಇಷ್ಟೇ: "ಕೋಣ ನಿಲ್ಲುವುದು ಅದಕ್ಕೆ ಬೇಕಾದಲ್ಲಿ ಮಗಾ, ನಿನಗೆ ಬೇಕಾದಲ್ಲಿ ಅಲ್ಲ." ವೇಗದ ಬಗ್ಗೆ ಇದಕ್ಕಿಂತ ಚಿಕ್ಕ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಉಳುವ ಗದ್ದೆಯಲ್ಲಿ ಓಟವಿದ್ದಾಗ ಈ ನಿಲ್ಲುವ ಸಮಸ್ಯೆ ದೊಡ್ಡದಿರಲಿಲ್ಲ, ಕೆಸರೇ ಕೋಣಗಳನ್ನು ತಡೆಯುತ್ತಿತ್ತು. ಮುಂದೆ ಓಟಕ್ಕೆಂದೇ ಕರೆಗಳನ್ನು, ಅಂದರೆ ಕೆಸರಿನ ಓಟದ ಹಾದಿಗಳನ್ನು ಕಟ್ಟಿದರು, ಅಕ್ಕಪಕ್ಕ ಎರಡೆರಡು. ಜೋಡುಕರೆಯ ಹೆಸರುಗಳನ್ನು ನೋಡಿ: ಜಪ್ಪಿನಮೊಗರಿನದು ಜಯ-ವಿಜಯ, ಬಂಗ್ರಕೂಳೂರಿನದು ರಾಮ-ಲಕ್ಷ್ಮಣ, ಮೂಡುಬಿದಿರೆಯದು ಕೋಟಿ-ಚೆನ್ನಯ, ಐಕಳದ್ದು ಕಾಂತಾಬಾರೆ-ಬೂದಾಬಾರೆ, ಗಡಿಯಾಚೆ ಪೈವಳಿಕೆಯದು ಅಣ್ಣ-ತಮ್ಮ. ಸ್ಪರ್ಧೆಗೆ ನಿಲ್ಲಿಸಿದ ಎರಡು ಕರೆಗಳಿಗೆ ನಮ್ಮವರು ಶತ್ರುಗಳ ಹೆಸರಿಡಲಿಲ್ಲ, ಜೊತೆಗಾರರ ಹೆಸರಿಟ್ಟರು. ಹೆಸರೇನೋ ಚೆಂದ, ಗೆದ್ದವರ ಮತ್ತು ಸೋತವರ ನಡುವಿನ ಮಾತುಕತೆ ಯಾವಾಗಲೂ ಅಷ್ಟು ಚೆಂದ ಇರುತ್ತಿರಲಿಲ್ಲ ಅನ್ನಿ.

ಕರೆಯ ಒಂದು ತುದಿ ಗಂತು, ಓಟ ಬಿಡುವ ಜಾಗ. ಇನ್ನೊಂದು ತುದಿ ಮಂಜೊಟ್ಟಿ. ಮಂಜೊಟ್ಟಿಯಲ್ಲಿ ಕರೆ ಸಪಾಟಾಗಿ ಮುಗಿಯುವುದಿಲ್ಲ, ನೀರಿನಿಂದ ಮೇಲಕ್ಕೆ ಮಣ್ಣಿನ ಒಂದು ಏರು. ನೂರು ಮೀಟರಿಗೂ ಹೆಚ್ಚು ದೂರ ಪೂರ್ತಿ ರಭಸದಲ್ಲಿ ಬಂದ ಜೋಡಿಯನ್ನು ಹಗ್ಗ ಜಗ್ಗಿ ನಿಲ್ಲಿಸಲು ಯಾರಿಂದಲೂ ಆಗದು. ಏರು ಹತ್ತುವಾಗ ಕೋಣದ ವೇಗ ತಾನಾಗಿ ಕುಂದುತ್ತದೆ. ಅಲ್ಲಿ ಕಾದಿರುವ ಹತ್ತಾರು ಜನ ಎರಡೂ ಕಡೆಯಿಂದ ನೊಗಕ್ಕೆ, ಹಗ್ಗಕ್ಕೆ ಕೈ ಹಾಕುತ್ತಾರೆ. ಆ ಕ್ಷಣದಲ್ಲಿ ನೋಡಬೇಕು: ಕೋಣದ ಮೂಗಿನ ಬಿಸಿಯುಸಿರು, ಹಿಡಿದವನ ಎದೆಗೆ ಬಡಿದ ಕೆಸರು, ಕಾಲು ಜಾರಿದರೂ ಹಗ್ಗ ಬಿಡದ ಒಬ್ಬ. ಓಡಿಸಿದವನು ಆ ಹೊತ್ತಿಗೆ ಹಿಂದೆಲ್ಲೋ ಮಂಡಿಯೂರಿರುತ್ತಾನೆ. ಫೋಟೊ ಅವನದು ಬರುತ್ತದೆ, ಹಿಡಿದವರದ್ದಲ್ಲ.

ಓಟದ ವಿಭಾಗಗಳಲ್ಲೂ ಅಪಾಯದ ಲೆಕ್ಕ ಬೇರೆ ಬೇರೆ. ಕನೆಹಲಗೆಯಲ್ಲಿ ವೇಗಕ್ಕಿಂತ ನೀರು ಮುಖ್ಯ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಬೇಕು. ಅಡ್ಡಹಲಗೆಯಲ್ಲಿ ಹಲಗೆಯ ಮೇಲೆ ನಿಂತು ಬರಬೇಕು. ನೇಗಿಲು, ಹಗ್ಗ ಈ ಎರಡರಲ್ಲಿ ಮನುಷ್ಯ ಕಾಲಮೇಲೆ ಓಡುತ್ತಾನೆ. ಇವಕ್ಕೆ ಹಿರಿಯ, ಕಿರಿಯ ಎಂಬ ಭೇದವಿದೆ, ಆದರೆ ಅದು ಕೋಣಕ್ಕೆ ಸಂಬಂಧಿಸಿದ್ದು, ಓಡುವ ಹುಡುಗನಿಗಲ್ಲ. ಎಳೆಯ ಕೋಣ ಬಲಿತ ಕೋಣದೆದುರು ದಣಿಯಬಾರದೆಂದು ನಮ್ಮ ಹಿರಿಯರಿಗೆ ಹೊಳೆದಿತ್ತು. ಎಳೆಯ ಹುಡುಗನ ಬಗ್ಗೆ ಅಷ್ಟೇ ಕಾಳಜಿಯ ಏರ್ಪಾಡು ಬರಲು ತಡವಾಯಿತು. ಮೊದಲೆಲ್ಲ ಓಟ ಕಲಿಯುವುದೆಂದರೆ ಬಿದ್ದು ಕಲಿಯುವುದು. 2011ರಲ್ಲಿ ಕಾರ್ಕಳದ ಮಿಯಾರಿನಲ್ಲಿ ಗುಣಪಾಲ ಕಡಂಬರು ಕಂಬಳ ಅಕಾಡೆಮಿ ಶುರುಮಾಡಿದ ಮೇಲೆ ಯುವಕರಿಗೆ ವ್ಯಾಯಾಮ, ಹಿಡಿತ, ಕರೆಯ ಅಭ್ಯಾಸ ಎಲ್ಲ ಕ್ರಮವಾಗಿ ಸಿಗತೊಡಗಿತು.

ಆಮೇಲೆ ಗಡಿಯಾರ ಬಂತು. ಕಣ್ಣಳತೆಯ ತೀರ್ಪು ಹೋಗಿ ಲೇಸರ್ ಕಿರಣ, ವಿಡಿಯೋ ನೋಡಿ ಹೇಳುವ ತೀರ್ಪು ಬಂದಾಗ ಜಗಳ ಕಡಿಮೆಯಾಯಿತು, ಸೆಕೆಂಡಿನ ಹುಚ್ಚು ಹೆಚ್ಚಾಯಿತು. 2020ರ ಫೆಬ್ರವರಿಯಲ್ಲಿ ಐಕಳದ 142.5 ಮೀಟರ್ ಕರೆಯನ್ನು ಶ್ರೀನಿವಾಸ ಗೌಡರು 13.62 ಸೆಕೆಂಡಿನಲ್ಲಿ ಮುಗಿಸಿದ್ದೇ ತಡ, ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು, ದೇಶವೆಲ್ಲ ಉಸೇನ್ ಬೋಲ್ಟ್ ಜಪ. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಓಡಿದರು. ಇಬ್ಬರೂ ಅಪ್ಪಟ ಓಟಗಾರರು, ಸಂಶಯವಿಲ್ಲ. ಆದರೆ ಮುಂದೆ ಎಳೆಯುವ ಎರಡು ಕೋಣಗಳನ್ನು ಲೆಕ್ಕದಿಂದ ಬಿಟ್ಟರೆ ಹೇಗೆ? ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಹೋಗಲು ಗೌಡರು ಒಪ್ಪಲಿಲ್ಲ. ಬೋಲ್ಟ್ ಹೋಲಿಕೆ ಮಾಡಿದವರೆಲ್ಲರಿಗಿಂತ ಹೆಚ್ಚು ವಿವೇಕ ಅವರಲ್ಲಿತ್ತು.

ನ್ಯಾಯಾಲಯದ ಕಥೆ ಎಲ್ಲರಿಗೂ ಗೊತ್ತು. 2014ರ ಮೇಯಲ್ಲಿ ಜಲ್ಲಿಕಟ್ಟಿನ ಕುರಿತು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2016ರಲ್ಲಿ ಹೈಕೋರ್ಟಿನ ತಡೆ, 2017ರಲ್ಲಿ ರಾಜ್ಯದ ತಿದ್ದುಪಡಿ, ಕೊನೆಗೆ 2023ರ ಮೇ 18ರಂದು ಸಂವಿಧಾನ ಪೀಠದ ಒಪ್ಪಿಗೆ. ಪ್ರಾಣಿದಯೆಯವರು ನಮ್ಮ ಮೇಲೆ ಹಗೆ ಸಾಧಿಸಿದರು ಎಂದು ನಮ್ಮಲ್ಲಿ ಅನೇಕರು ಈಗಲೂ ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ಬೆತ್ತದ ಬಾಸುಂಡೆ ಎದ್ದ ಕೋಣದ ಬೆನ್ನನ್ನು ಕೆರೆಯಲ್ಲಿ ತಿಕ್ಕಿದವನು ನಾನು. ಕೋಣಕ್ಕೆ ಹೊಡೆಯುವುದು ಸರಿಯೇ ಎಂಬ ಪ್ರಶ್ನೆ ನಮ್ಮೊಳಗಿನಿಂದಲೇ ಮೊದಲು ಏಳಬೇಕಿತ್ತು.

ಈಗ ಬಂಗ್ರಕೂಳೂರಿನ ಗೋಲ್ಡ್‌ಫಿಂಚ್ ಸಿಟಿಯಲ್ಲಿ ಕಂಬಳವೆಂದರೆ ನಗರದ ಅರ್ಧ ಜನ ಮಕ್ಕಳನ್ನು ಹೆಗಲಮೇಲೆ ಕೂರಿಸಿಕೊಂಡು ಬರುತ್ತಾರೆ. ಬರಲಿ, ಮಕ್ಕಳು ನೋಡಲೇಬೇಕು. ಒಂದೇ ಮಾತು: ಫೋನಿನಲ್ಲಿ ಒಳ್ಳೆಯ ಚಿತ್ರ ಸಿಗುತ್ತದೆಂದು ಮಗುವಿನೊಂದಿಗೆ ಮಂಜೊಟ್ಟಿಯ ಬಾಯಲ್ಲಿ ನಿಲ್ಲಬೇಡಿ. ಕರೆಯ ಬದಿಯಲ್ಲಿ, ತಡೆಬೇಲಿಯ ಈಚೆ, ನಡುಭಾಗದಲ್ಲಿ ನಿಲ್ಲಿ. ಕನೆಹಲಗೆಯ ನೀರು ಚಿಮ್ಮುವುದೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.