ಒಂದಕ್ಕೊಂದು ಹೊಂದಿಸಿ ಎಣಿಸಿದವರು

ಠಾಕುರ್ಲಿಯಲ್ಲಿ ಎಲ್ಲ ಲೋಕಲ್ ಗಾಡಿಗಳೂ ನಿಲ್ಲುವುದಿಲ್ಲ. ಥಾಣೆಯಿಂದ ಕಲ್ಯಾಣ್‌ವರೆಗೆ ಸ್ಲೋ ಗಾಡಿ ಹಿಡಿದರೆ ಎಂಟು ನಿಲ್ದಾಣ: ಥಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ್. ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳಲ್ಲಷ್ಟೇ ನಿಲ್ಲುವ ಫಾಸ್ಟ್ ಗಾಡಿ ಹತ್ತಿದರೆ ಮೂರೇ ನಿಲ್ದಾಣ. ಆ ಎಂಟು ಸೇರಿ ಒಂದು ಗಣ. ಈ ಮೂರು ಅದರ ಉಪಗಣ. ಫಾಸ್ಟ್ ಗಾಡಿ ದಾಟಿಕೊಂಡು ಹೋಗುವ ಐದು ನಿಲ್ದಾಣಗಳು ಪೂರಕ ಗಣ; ಠಾಕುರ್ಲಿ ಅದರಲ್ಲೊಂದು ಗಣಾಂಶ. ಹನ್ನೊಂದನೆಯ ತರಗತಿಯ ಗಣಿತ ಪುಸ್ತಕದ ಮೊದಲ ಅಧ್ಯಾಯ ಹೇಳಿಕೊಡುವುದರಲ್ಲಿ ಹೆಚ್ಚಿನದು ಈ ರೈಲುದಾರಿಯಲ್ಲೇ ಸಿಗುತ್ತದೆ.

ಠಾಕುರ್ಲಿಯ ಕನ್ನಡ ಮನೆಯ ಹುಡುಗಿಗೆ ಈ ವಿಷಯ ಹಲವು ಹೆಸರಿನಲ್ಲಿ ಎದುರಾಗುತ್ತದೆ. ಮಹಾರಾಷ್ಟ್ರದ ಮರಾಠಿ ಪುಸ್ತಕದಲ್ಲಿ ಅದು ‘ಸಂಚ್’. ಹಿಂದಿಯಲ್ಲಿ ‘ಸಮುಚ್ಚಯ’. ತೆಲುಗಿನಲ್ಲಿ ‘ಸಮಿತಿ’. ಕನ್ನಡ, ಮಲಯಾಳ, ಗುಜರಾತಿಗಳಲ್ಲಿ ‘ಗಣ’. ತಮಿಳಿನ ‘ಕಣಂ’ ಕೂಡ ಅದೇ ಪದ. ಇವೆಲ್ಲ ಇಪ್ಪತ್ತನೆಯ ಶತಮಾನದ ಪಠ್ಯಪುಸ್ತಕಗಳಿಗಾಗಿ ಆರಿಸಿಕೊಂಡ ಪಾರಿಭಾಷಿಕಗಳು. ಹಾಗಾದರೆ ಅದಕ್ಕೂ ಮೊದಲು ಈ ಕಲ್ಪನೆಗೆ ನಮ್ಮಲ್ಲಿ ಹೆಸರೇ ಇರಲಿಲ್ಲವೇ? ಇತ್ತು. ‘ರಾಶಿ’ ಎಂಬ ಆ ಹೆಸರು ಕನ್ನಡ ಲಿಪಿಯ ತಾಳೆಗರಿಗಳಲ್ಲಿ, ಒಂದು ಬಸದಿಯ ಭಂಡಾರದಲ್ಲಿ ನೂರಾರು ವರ್ಷ ಕುಳಿತಿತ್ತು.

ಬಸದಿ ಇರುವುದು ಮೂಡಬಿದಿರೆಯಲ್ಲಿ; ಸಿದ್ಧಾಂತ ಬಸದಿ ಎಂದೇ ಅದನ್ನು ಕರೆಯುತ್ತಾರೆ. ಗ್ರಂಥದ ಹೆಸರು ‘ಧವಲಾ’. ಪುಷ್ಪದಂತ, ಭೂತಬಲಿ ಎಂಬ ಆಚಾರ್ಯರ ‘ಷಟ್‌ಖಂಡಾಗಮ’ಕ್ಕೆ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದ ಆರಂಭದ ಹೊತ್ತಿಗೆ ಬರೆದ ಟೀಕೆ ಅದು. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಓಲೆಗಳ ಲಿಪಿ ಮಾತ್ರ ಹಳೆಯ ಕನ್ನಡ. ಓದಬಲ್ಲವರು ಕಡಿಮೆಯಾದಂತೆ ಗ್ರಂಥ ದರ್ಶನದ ವಸ್ತುವಾಯಿತು. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು.

1880ರ ದಶಕದಲ್ಲಿ ಹಾಗೆ ಬಂದವರಲ್ಲಿ ಮುಂಬಯಿಯ ಸೇಠ್ ಮಾಣಿಕ್‌ಚಂದರೂ ಸೊಲ್ಲಾಪುರದ ಹೀರಾಚಂದ್ ನೇಮಚಂದರೂ ಇದ್ದರು. ಓಲೆಗಳು ಜೀರ್ಣವಾಗುತ್ತಿರುವುದು ಅವರ ಕಣ್ಣಿಗೆ ಬಿತ್ತು. ಒಂದೇ ಪ್ರತಿ ಹಾಳಾದರೆ ಗ್ರಂಥವೇ ಹೋದಂತೆ. ಅವರ ಪ್ರಯತ್ನದಿಂದ 1890ರ ದಶಕದಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು. ಪ್ರತಿಗಳು ಮಾತ್ರ ಮೂಡಬಿದಿರೆ ಬಿಟ್ಟು ಹೋಗುವಂತಿರಲಿಲ್ಲ. ಆದರೆ ಪ್ರತಿ ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ವಿದುಷಿಯಾದ ಹೆಂಡತಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಬರೆದಿಟ್ಟರು. ಅದು ಉತ್ತರದ ಸಹಾರನ್‌ಪುರಕ್ಕೆ ಹೋಯಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಲಿಪಿಕಾರ ತನಗೂ ಒಂದು ಪ್ರತಿ ಉಳಿಸಿಕೊಂಡ. ಅದರಿಂದ ಮತ್ತಷ್ಟು ಪ್ರತಿಗಳಾದವು. ಅವುಗಳ ಆಧಾರದ ಮೇಲೆ ಹೀರಾಲಾಲ್ ಜೈನ್ ಅಮರಾವತಿಯಲ್ಲಿ ಸಂಪಾದನೆಗೆ ಕೂತರು. 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟ ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಮುಂದೆ ಮೂಡಬಿದಿರೆಯವರೂ ಮೂಲ ಓಲೆಗಳೊಂದಿಗೆ ಪಾಠ ಹೋಲಿಸಿ ನೋಡಲು ಒಪ್ಪಿಗೆ ಕೊಟ್ಟರು. ಮೊದಲು ಗುಟ್ಟು ಒಡೆಯದಿದ್ದರೆ ಗ್ರಂಥ ಗಣಿತಜ್ಞರ ಕೈಗೆ ಯಾವಾಗ ಸಿಗುತ್ತಿತ್ತೋ ಹೇಳಲಾಗದು.

1942ರ ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾಲಯದ ಅವಧೇಶ್ ನಾರಾಯಣ್ ಸಿಂಗ್ ಧವಲಾದ ಗಣಿತದ ಮೇಲೆ ಲೇಖನ ಬರೆದರು. ಬಿಭೂತಿಭೂಷಣ ದತ್ತರ ಜೊತೆ ಭಾರತೀಯ ಗಣಿತದ ಚರಿತ್ರೆ ಬರೆದಿದ್ದವರು ಇವರೇ. 1973ರಲ್ಲಿ ಎಲ್. ಸಿ. ಜೈನ್ ಇನ್ನೂ ಮುಂದೆ ಹೋಗಿ, ಜೈನ ಗ್ರಂಥಗಳ ‘ರಾಶಿ’ಯೇ ಇಂದಿನ ಗಣ ಎಂದು ವಾದಿಸಿದರು. ರಾಶಿಗೆ ಸಮೂಹ, ಪುಂಜ, ವೃಂದ, ಪಿಂಡ ಎಂಬ ಪರ್ಯಾಯ ಪದಗಳನ್ನೂ ಧವಲಾ ಕೊಡುತ್ತದೆ.

ಹೆಸರಿಗಿಂತ ಮುಖ್ಯವಾದದ್ದು ವೀರಸೇನರು ಬಳಸಿದ ಉಪಾಯ. ಮದುವೆ ಮನೆಯ ಪಂಕ್ತಿಯನ್ನು ನೆನೆಯಿರಿ. ಎಷ್ಟು ಎಲೆ, ಎಷ್ಟು ಜನ ಎಂದು ಯಾರೂ ಎಣಿಸಿಲ್ಲ. ಆದರೂ ಪ್ರತಿ ಎಲೆಯ ಮುಂದೆ ಒಬ್ಬರು ಕೂತು, ಒಂದು ಎಲೆಯೂ ಖಾಲಿ ಉಳಿಯದೆ, ಒಬ್ಬರೂ ನಿಂತಿರದೆ ಇದ್ದರೆ ಎರಡೂ ಸಮ ಎಂದು ಗೊತ್ತಾಗುತ್ತದೆ. ಎಣಿಸಿ ಮುಗಿಯದ ರಾಶಿಗಳನ್ನು ಹೋಲಿಸಲು ವೀರಸೇನರು ಹಿಡಿದದ್ದು ಇದೇ ದಾರಿ. ಒಂದು ಕಡೆ ಅನಂತಾನಂತ ಕಾಲಚಕ್ರಗಳ ಕ್ಷಣಗಳ ರಾಶಿ. ಇನ್ನೊಂದು ಕಡೆ ಮಿಥ್ಯಾದೃಷ್ಟಿ ಜೀವಗಳ ರಾಶಿ. ಅದರಿಂದ ಒಂದು ಕ್ಷಣ, ಇದರಿಂದ ಒಂದು ಜೀವ ಎಂದು ತೆಗೆಯುತ್ತ ಹೋದರೆ ಕಾಲದ ರಾಶಿ ಬರಿದಾಗುತ್ತದೆ, ಜೀವರಾಶಿ ಬರಿದಾಗುವುದಿಲ್ಲ ಎನ್ನುತ್ತಾರೆ. ಅನಂತಗಳೆಲ್ಲ ಒಂದೇ ಅಳತೆಯವಲ್ಲ ಎಂಬ ಮಾತು ಇದರಲ್ಲಿದೆ.

ಉಪಗಣಗಳ ಪಾಠಕ್ಕೆ ಶ್ರವಣಬೆಳಗೊಳಕ್ಕೆ ಹೋಗಬೇಕು. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೆಯ ಶತಮಾನದವರು. ಅವರ ‘ತ್ರಿಲೋಕಸಾರ’ ಸಂಖ್ಯೆಗಳನ್ನು 14 ಧಾರೆಗಳಾಗಿ ವಿಂಗಡಿಸುತ್ತದೆ. ಒಂದರಿಂದ ಹೊರಟು ಎಲ್ಲ ಸಂಖ್ಯೆಗಳೂ ಬರುವುದು ಸರ್ವಧಾರೆ. 2, 4, 6 ಸಮಧಾರೆ. 1, 3, 5 ವಿಷಮಧಾರೆ. 1, 4, 9 ಎಂಬ ವರ್ಗಗಳದು ಕೃತಿಧಾರೆ, ವರ್ಗವಲ್ಲದವು ಅಕೃತಿಧಾರೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸಮ ಮತ್ತು ವಿಷಮಗಳ ಸಂಯೋಗ ಸರ್ವಧಾರೆ. ಅವುಗಳ ಛೇದನ ಶೂನ್ಯ ಗಣ. ಕೃತಿಗೆ ಅಕೃತಿ ಪೂರಕ. ವಿಷಮ ಮತ್ತು ಕೃತಿಗಳ ಛೇದನದಲ್ಲಿ 1, 9, 25 ಸಿಗುತ್ತವೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಕೇಳಬಹುದು.

ಇಷ್ಟಾದ ಮೇಲೆ ‘ಎಲ್ಲವೂ ನಮ್ಮಲ್ಲೇ ಇತ್ತು’ ಎಂದುಬಿಡುವುದು ಸುಲಭ. ಹಾಗೆಂದರೆ ಗಣಿತ ಕೈತಪ್ಪುತ್ತದೆ. 1, 2, 3 ಎಂದು ಮುಗಿಯದೆ ಸಾಗುವ ಸರ್ವಧಾರೆಯನ್ನೂ 2, 4, 6 ಎಂದು ಸಾಗುವ ಸಮಧಾರೆಯನ್ನೂ ಎದುರುಬದುರು ನಿಲ್ಲಿಸಿ ನೋಡೋಣ. ಇತ್ತಲಿನ 2ಕ್ಕೆ ಅತ್ತಲಿನ 2, 4ಕ್ಕೆ 4 ಎಂದು ಜೋಡಿಸಿದರೆ ವಿಷಮಗಳೆಲ್ಲ ಒಂಟಿಯಾಗಿ ಉಳಿಯುತ್ತವೆ; ಸರ್ವಧಾರೆ ದೊಡ್ಡದೆನಿಸುತ್ತದೆ. 1ಕ್ಕೆ 2, 2ಕ್ಕೆ 4, 3ಕ್ಕೆ 6 ಎಂದು ಜೋಡಿಸಿದರೆ ಏನೂ ಉಳಿಯುವುದಿಲ್ಲ, ಎರಡೂ ಸಮ. ಅಂದರೆ ಅನಂತ ರಾಶಿಗಳಲ್ಲಿ ಒಂದು ಜೋಡಣೆಯಲ್ಲಿ ಶೇಷ ಉಳಿದರೆ ಸಾಲದು. ಯಾವ ಜೋಡಣೆಯೂ ಸಾಧ್ಯವಿಲ್ಲ ಎಂದು ತೋರಿಸಬೇಕು. ವೀರಸೇನರ ವಾದ ಆ ಹೆಜ್ಜೆ ಇಡುವುದಿಲ್ಲ. ಅದನ್ನು ಇಟ್ಟವನು ಜರ್ಮನಿಯ ಹಾಲೆ ಊರಿನಲ್ಲಿ ಪಾಠ ಹೇಳುತ್ತಿದ್ದ ಗಿಯಾರ್ಗ್ ಕ್ಯಾಂಟರ್. ಮೊದಲು 1874ರಲ್ಲಿ, ಮತ್ತೆ ಇನ್ನೂ ಸರಳವಾಗಿ 1891ರಲ್ಲಿ.

1891ರ ಆ ಸಾಧನೆಯನ್ನು ಠಾಕುರ್ಲಿಯ ಪ್ಲಾಟ್‌ಫಾರ್ಮಿನಲ್ಲೇ ಮಾಡಿ ನೋಡಬಹುದು. ಎಂಟು ನಿಲ್ದಾಣಗಳಲ್ಲಿ ಪ್ರತಿಯೊಂದರಲ್ಲೂ ಗಾಡಿ ನಿಲ್ಲಬಹುದು, ನಿಲ್ಲದೆ ಹೋಗಬಹುದು. ಆಯ್ಕೆ ಎರಡೆರಡು. ಹಾಗಾಗಿ ಎಂಟು ಸಲ 2ರ ಗುಣಾಕಾರ, ಒಟ್ಟು 256 ಬಗೆಯ ಗಾಡಿಗಳು. ಎಲ್ಲೂ ನಿಲ್ಲದ ಗಾಡಿಯೂ, ಅಂದರೆ ಶೂನ್ಯ ಗಣವೂ ಅವುಗಳಲ್ಲೊಂದು. ಎಂಟು ಗಣಾಂಶಗಳ ಗಣಕ್ಕೆ 256 ಉಪಗಣಗಳು ಎಂದು ಪುಸ್ತಕ ಹೇಳುವುದು ಇದನ್ನೇ.

ಈಗ ಹಳಿ ಕಲ್ಯಾಣ್‌ನಲ್ಲಿ ಕವಲೊಡೆಯದೆ ನೇರ ಸಾಗಿ ಮುಗಿಯುವುದೇ ಇಲ್ಲ, ನಿಲ್ದಾಣಗಳಿಗೆ 1, 2, 3 ಎಂದು ಕೊನೆಯಿಲ್ಲದ ನಂಬರು ಎಂದುಕೊಳ್ಳಿ. ಸಾಧ್ಯವಿರುವ ಎಲ್ಲ ಗಾಡಿಗಳ ಪಟ್ಟಿ ಮಾಡಿದ್ದೇನೆ, ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಸಾಲಾಗಿ ಬರೆದಿದ್ದೇನೆ ಎಂದು ಒಬ್ಬ ಗುಮಾಸ್ತ ಹೇಳುತ್ತಾನೆ. ಅವನ ಪಟ್ಟಿಯಲ್ಲಿಲ್ಲದ ಗಾಡಿ ಬಿಡುವುದು ಕಷ್ಟವಲ್ಲ. ಅವನ ಮೊದಲ ಗಾಡಿ 1ನೆಯ ನಿಲ್ದಾಣದಲ್ಲಿ ನಿಂತರೆ ಹೊಸ ಗಾಡಿ ಅಲ್ಲಿ ನಿಲ್ಲದಿರಲಿ, ನಿಲ್ಲದಿದ್ದರೆ ನಿಲ್ಲಲಿ. ಎರಡನೆಯ ಗಾಡಿಗೆ 2ನೆಯ ನಿಲ್ದಾಣದಲ್ಲಿ, ಮೂರನೆಯದಕ್ಕೆ 3ನೆಯದರಲ್ಲಿ ಹೀಗೇ ಉಲ್ಟಾ. ಈ ಹೊಸ ಗಾಡಿ ಪಟ್ಟಿಯ ಪ್ರತಿಯೊಂದು ಗಾಡಿಗೂ ಒಂದಲ್ಲ ಒಂದು ನಿಲ್ದಾಣದಲ್ಲಿ ಬೇರೆ. ಗುಮಾಸ್ತ ಅದನ್ನೂ ಸೇರಿಸಿ ಪಟ್ಟಿ ತಿದ್ದಿದರೆ, ತಿದ್ದಿದ ಪಟ್ಟಿಗೂ ಇದೇ ಗತಿ. ನಿಲ್ದಾಣಗಳೂ ಅನಂತ, ಗಾಡಿಗಳೂ ಅನಂತ. ಆದರೆ ಅವನ್ನು ಒಂದಕ್ಕೊಂದು ಹೊಂದಿಸಲು ಯಾರಿಂದಲೂ ಆಗದು.

ಮೂಡಬಿದಿರೆಯ ಓಲೆಗಳು ಕೇಳಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು: ಎಣಿಸಲಾಗದ್ದನ್ನು ಹೋಲಿಸುವುದು ಹೇಗೆ? ಅದಕ್ಕೆ ಪೂರ್ತಿ ಉತ್ತರ ಸಿಗಲು ಸಾವಿರ ವರ್ಷ ಬೇಕಾಯಿತು. ಸಿಕ್ಕದ್ದು ಬೇರೊಂದು ದೇಶದಲ್ಲಿ, ಈ ಓಲೆಗಳ ಸುದ್ದಿಯೇ ತಿಳಿಯದವನಿಗೆ. 1891ರಲ್ಲಿ ಧವಲಾ ಇನ್ನೂ ಬಸದಿಯ ಒಳಗೇ ಇತ್ತು. ಲಕ್ಷ್ಮೀಬಾಯಿಯವರು ಆ ಪ್ರತಿಗೆ ಕೈಹಚ್ಚುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದವು.