ಹಂದಿಯಲ್ಲದ ಚಿಪ್ಪುಹಂದಿ, ಹಿತ್ತಲ ಮಡಿವಾಳ

ಹೆಸರಿನಲ್ಲಿ ಹಂದಿಯಿದ್ದರೂ ಚಿಪ್ಪುಹಂದಿ ಹಂದಿಯಲ್ಲ. ಮೈತುಂಬ ಚಿಪ್ಪಿದ್ದರೂ ಹಲ್ಲಿ, ಮೊಸಳೆಗಳ ಬಳಗಕ್ಕೆ ಸೇರಿದ್ದಲ್ಲ. ಅದು ಮರಿಗೆ ಹಾಲೂಡಿಸುವ ಸಸ್ತನಿ. ಆ ಚಿಪ್ಪುಗಳು ನಮ್ಮ ಉಗುರಿನಂತೆಯೇ ಕೆರಾಟಿನ್‌ನಿಂದ ಆದವು. ಇಂಥ ಪ್ರಾಣಿಯನ್ನು ಯಾರ ಸಾಲಿನಲ್ಲಿ ಕೂರಿಸುವುದು? ಈ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲ ಕಾಡಿತು.

ಸ್ವೀಡನ್ನಿನ ಲಿನೇಯಸ್ 1758ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಏಷ್ಯದ ಚಿಪ್ಪುಹಂದಿಯೊಂದನ್ನು ಆನೆಯ ಗಣದಲ್ಲೇ ಇಟ್ಟಿದ್ದ! ಮುಂದೆ, ಹಲ್ಲಿಲ್ಲವೆಂಬ ಕಾರಣಕ್ಕೆ ಅದು ದಕ್ಷಿಣ ಅಮೆರಿಕದ ಇರುವೆಬಾಕಗಳ ಜೊತೆ ಸೇರಿತು. ವಂಶವಾಹಿಗಳನ್ನು ಹೋಲಿಸಿ ನೋಡಿದ ಮೇಲೆ ನಾಯಿ, ಬೆಕ್ಕುಗಳ ಮಾಂಸಾಹಾರಿ ಗಣವೇ ಅದರ ಹತ್ತಿರದ ನೆಂಟನೆಂದು ತಿಳಿಯಿತು. ಈಗ ಅದು 'ಫೋಲಿಡೋಟ' ಎಂಬ ಸ್ವಂತ ಗಣದಲ್ಲಿದೆ.

ಲಿನೇಯಸ್ಸನ ಅದೇ ಗ್ರಂಥದಲ್ಲಿ ನಮ್ಮ ಹಿತ್ತಲಿನ ಕಪ್ಪುಬಿಳುಪಿನ ಗಾಯಕ ಮಡಿವಾಳ ಹಕ್ಕಿಯೂ ಇದೆ. ಅದನ್ನು ಅವನು ಮೈನಾಗಳ ಸಾಲಿಗೆ ಸೇರಿಸಿದ್ದ. ಆಮೇಲೆ ಅದು ಥ್ರಷ್ ಹಕ್ಕಿಗಳ ಕುಟುಂಬಕ್ಕೆ ಹೋಗಿ, ಈಗ ನೊಣಹಿಡುಕಗಳ ಕುಟುಂಬದಲ್ಲಿ ನೆಲೆಸಿದೆ. ಆದರೆ ಮಡಿವಾಳನಿರುವ ಗುಬ್ಬಚ್ಚಿ ಗಣದಲ್ಲಿ ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಚಿಪ್ಪುಹಂದಿಯ ಗಣದಲ್ಲಿ ಬಹುಕಾಲದಿಂದ ಎಣಿಸುತ್ತ ಬಂದಿರುವುದು ಎಂಟೇ ಎಂಟು.

ಈ ಲೆಕ್ಕಕ್ಕೆ ಮಹತ್ವ ಬರುವುದು ಉಳಿವಿನ ಪ್ರಶ್ನೆ ಎದ್ದಾಗ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಭಾರತದ ಚಿಪ್ಪುಹಂದಿ ಅಪಾಯಕ್ಕೊಳಗಾದ ಪ್ರಾಣಿ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುವ ಇದನ್ನು ಚಿಪ್ಪಿಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಾರೆ. ನಮ್ಮ ದೇಶದಲ್ಲಿ 1972ರ ಕಾಯ್ದೆ ಅದರ ಬೇಟೆಯನ್ನು ನಿಷೇಧಿಸಿದೆ. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿದ ರಾಷ್ಟ್ರಗಳು ಎಂಟೂ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ಒಪ್ಪಿದವು. ಆದರೂ ಕಳ್ಳಸಾಗಣೆ ನಿಂತಿಲ್ಲ.

ಮಡಿವಾಳ ಅದೇ ಪಟ್ಟಿಯಲ್ಲಿ ಆತಂಕವಿಲ್ಲದ ಹಕ್ಕಿ. ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಒಂದು ಕಾಲಕ್ಕೆ ಸಿಂಗಪುರದಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಅದು 1970ರ ದಶಕದ ಹೊತ್ತಿಗೆ ಅಪರೂಪವಾಯಿತು. ಹಾಡಿಗಾಗಿ ಹಿಡಿದು ಪಂಜರಕ್ಕೆ ಹಾಕಿದ್ದು ಅದಕ್ಕೊಂದು ಕಾರಣ. 1980ರ ದಶಕದಲ್ಲಿ ಅದನ್ನು ಮತ್ತೆ ತಂದು ಬಿಡಬೇಕಾಯಿತು.

ಬೆದರಿದ ಚಿಪ್ಪುಹಂದಿ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಸಿಂಹದ ಹಲ್ಲಿಗೂ ಜಗ್ಗದ ಆ ಚೆಂಡನ್ನು ಮನುಷ್ಯ ಬರಿಗೈಯಲ್ಲಿ ಎತ್ತಿ ಚೀಲಕ್ಕೆ ಹಾಕುತ್ತಾನೆ. ಮಡಿವಾಳ ಅಳಿದರೆ ಅದರ ಹಾಡು ಹೋದರೂ ಬಳಗ ಉಳಿದೀತು. ಚಿಪ್ಪುಹಂದಿಗಳು ಅಳಿದರೆ ಒಂದು ಗಣವೇ ಭೂಮಿಯಿಂದ ಅಳಿಸಿಹೋಗುತ್ತದೆ.